ತೆಲುಗಿನಲ್ಲಿ ಕೂಗುತ್ತಿದ್ದ ನಮ್ಮ ತಂಡ

ಬ್ಯಾಸ್ಕೆಟ್‌ಬಾಲ್ ಎತ್ತರದವರ ಆಟ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಚಿಂತಾಮಣಿ ಹುಡುಗಿಯರ ತಂಡದಲ್ಲಿ ಎತ್ತರದವಳು ಅಂತ ಇದ್ದದ್ದು ಒಬ್ಬಳೇ, ಶಿಡ್ಲಘಟ್ಟದಿಂದ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದವಳು. ಉಳಿದವರೆಲ್ಲ ನನ್ನ ಹಾಗೆ ಕುಳ್ಳಿಯರು. ಹಾಗಿದ್ದೂ ಎಂಬತ್ತರ ದಶಕದ ಕೊನೆಯಲ್ಲಿ ತುಮಕೂರು, ಮಂಡ್ಯ, ಮೈಸೂರಿಗೆಲ್ಲ ಹೋಗಿ ಗೆದ್ದು ಬಂದೆವು. ಮಹಾ ವಿದ್ಯೆಯೇನೂ ಅಲ್ಲ. ಅಂಕಣದೊಳಗೆ ನಾವು ತೆಲುಗಿನಲ್ಲಿ ಕೂಗುತ್ತಿದ್ದೆವು, ಅಷ್ಟೇ.

ಕೂಗುವವಳು ನಾನು. ನನ್ನ ಬಾಯಿಗೆ ನಮ್ಮಮ್ಮನೇ ಹೆದರುತ್ತಿದ್ದಳು. ಚೆಂಡು ಹಿಡಿದವಳ ಬೆನ್ನ ಹಿಂದೆ ಯಾರಾದರೂ ಬಂದರೆ "ಎನಕ ಉಂದಿ" ಅನ್ನುತ್ತಿದ್ದೆ, ಚೆಂಡನ್ನು ಇನ್ನೊಬ್ಬಳಿಗೆ ಬಿಡಬೇಕಾದರೆ "ವದಿಲೇಯ್". ಮಂಡ್ಯದ ಹುಡುಗಿಯರು ಕಣ್ಣು ಕಣ್ಣು ಬಿಡುತ್ತಿದ್ದರು. ನಮ್ಮ ಪೇಟೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಮಾಮೂಲು. ಹಾಗಾಗಿ ಇದೊಂದು ಉಪಾಯ ಅಂತಲೂ ನಮಗೆ ಅನ್ನಿಸಿರಲಿಲ್ಲ.

ಶಿಡ್ಲಘಟ್ಟದವಳಿಗೆ ಮಾತೇ ಕಡಿಮೆ. ಅವಳ ಅಬ್ಬಾ ರೇಷ್ಮೆ ನೂಲು ತೆಗೆಯುವವರು. ಬೆಳಗ್ಗೆ ಎದ್ದು ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆ ಹಿಡಿದುಕೊಟ್ಟು ಬಸ್ಸು ಹತ್ತುತ್ತಿದ್ದಳು. ಬೆರಳ ತುದಿ ಸದಾ ನೆನೆದು ಬಿಳುಚಿಕೊಂಡಿರುತ್ತಿತ್ತು. ಆ ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯವರು ಹೆಂಗಸರ ತಂಡ ಕಟ್ಟುತ್ತಿದ್ದಾರೆ, ಆಡುವವರಿಗೆ ಕೆಲಸ ಕೊಟ್ಟು ಸಂಬಳ ಕೊಡುತ್ತಾರೆ ಅಂತ ನಮ್ಮ ಪಿ.ಟಿ. ಮೇಷ್ಟ್ರು ಸುದ್ದಿ ತಂದರು. ಗೌರಿಬಿದನೂರಿನ ಪಂದ್ಯ ನೋಡಲು ಆ ಕಾರ್ಖಾನೆಯ ಮೇಡಂ ಒಬ್ಬರು ಬರುವವರಿದ್ದರು. ಅವರ ಕಣ್ಣು ಯಾರ ಮೇಲೆ ಅಂತ ಯಾರೂ ಹೇಳಬೇಕಾಗಿರಲಿಲ್ಲ.

"ಆಟ ಆಡಿದ್ರೆ ಸಂಬಳ ಕೊಡ್ತಾರಾ? ನಾನೇ ಬಂದು ನೋಡ್ತೀನಿ," ಅಂದಿದ್ದರಂತೆ ಅವಳ ಅಬ್ಬಾ. "ಸರಿ ಅನ್ನಿಸ್ದಿದ್ರೆ ಆಟಾನೂ ಸಾಕು, ಕಾಲೇಜೂ ಸಾಕು." ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು. ಇದನ್ನೆಲ್ಲ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ನನಗೆ ಹೇಳಿದಳು.

ಗೌರಿಬಿದನೂರಿನಲ್ಲಿ ನಮ್ಮ ಎದುರು ಬಿದ್ದದ್ದು ಹಿಂದೂಪುರದ ತಂಡ. ನಾನು ಎಂದಿನಂತೆ ಕೂಗಲು ಶುರು ಮಾಡಿದೆ. ನಾನು ಬಾಯಿ ತೆರೆಯುವುದೇ ತಡ, ಅವರ ಹುಡುಗಿ ಅಲ್ಲಿ ಹಾಜರು. "ವದಿಲೇಯ್" ಅಂದರೆ ನಮ್ಮವಳು ಬಿಡುವ ಮೊದಲೇ ಚೆಂಡು ಅವರ ಕೈಯಲ್ಲಿ. ಥೂ, ಇವತ್ತು ಎದ್ದ ಮಗ್ಗುಲೇ ಸರಿಯಿಲ್ಲ ಅಂದುಕೊಂಡು ನಾನು ಇನ್ನಷ್ಟು ಜೋರಾಗಿ ಕೂಗಿದೆ! ಅರ್ಧ ಆಟ ಮುಗಿಯುವ ಹೊತ್ತಿಗೆ ಮೂಗಿಗೆ ನತ್ತು ಹಾಕಿದ್ದ ಅವರ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು, "ಮಾಕು ಕೂಡಾ ಚೆಪ್ತಾಂಡಾರೇ, ಶಾನಾ ಮಂಚೋಳ್ಳು ಮೀರು" ಅಂದಳು. ನಮಗೂ ಸೇರಿಸಿ ಹೇಳಿಕೊಡ್ತಿದ್ದೀರಲ್ಲ, ತುಂಬ ಒಳ್ಳೆಯವರು ನೀವು ಅಂತ. ಗೌರಿಬಿದನೂರು ದಾಟಿದರೆ ಆಂಧ್ರ, ಹಿಂದೂಪುರ ಕೂಗಳತೆಯಲ್ಲಿದೆ. ತಂಡದಲ್ಲಿ ಇಷ್ಟು ಜನ ಇದ್ದೆವು, ಒಬ್ಬಳಿಗೂ ಇದು ಹೊಳೆದಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಾಯಿ ಮುಚ್ಕೊಂಡ್ ಆಡ್ರಮ್ಮಾ, ಪುಣ್ಯ ಬರುತ್ತೆ," ಅಂದರು ಮೇಷ್ಟ್ರು ವಿರಾಮದಲ್ಲಿ. ಕೂಗು ಕೇಳದೆ ಆಡಿ ನಮಗೆ ಅಭ್ಯಾಸವೇ ಇಲ್ಲ. ಕನ್ನಡದಲ್ಲಿ ಕೂಗೋಣ ಅಂದರೆ ಅದೂ ಹಿಂದೂಪುರದವರಿಗೆ ಬರುತ್ತಿತ್ತು. ನಾನು ಶಿಡ್ಲಘಟ್ಟದವಳ ಕಡೆ ತಿರುಗಿದೆ.

"ನೀನು ಕೂಗೇ. ನಿಮ್ಮ ಮನೆ ಮಾತಲ್ಲಿ."

"ಅಬ್ಬಾ ಕೂತವ್ರೆ ಕಣೇ. ಇಷ್ಟು ಗಂಡಸ್ರ ಮಧ್ಯೆ, ಅವ್ರ ಮುಂದೆ ಹೆಂಗೆ ಕಿರುಚಲಿ?"

"ಬಾಯಿ ಬಿಡ್ದೆ ಹಿಂಗೇ ಒದೆ ತಿಂತಿದ್ರೆ ಆ ಮೇಡಂ ಯಾರನ್ನ ನೋಡ್ತಾರೆ? ನಿನ್ನನ್ನಾ, ಆ ನತ್ತಿನವಳನ್ನಾ?"

ಅವಳು ಜಡೆ ಬಿಗಿದು ಕಟ್ಟಿಕೊಂಡು ಅಂಕಣಕ್ಕೆ ಇಳಿದಳು. ಆಟ ಮತ್ತೆ ಶುರುವಾಯಿತು. ಆಮೇಲೆ ನನ್ನ ಹಿಂದೆ ಯಾರೋ ಬಂದಿರಬೇಕು, "ಸರಕ್!" ಅಂತ ಒಂದು ದನಿ ಕೇಳಿತು. ನಾನು ಪಕ್ಕಕ್ಕೆ ಸರಿದೆ. ನಮ್ಮ ಪೇಟೆಯಲ್ಲಿ ಬೆಳೆದವರಿಗೆ ಅಷ್ಟು ಉರ್ದು ಬಾರದೆ ಇರುತ್ತದೆಯೇ? "ನಕ್ಕೋ!" ಅಂದರೆ ತಡೆದೆವು, "ಡಾಲ್!" ಅಂದರೆ ಎಸೆದೆವು. ಹಿಂದೂಪುರದವರಿಗೂ ಒಂದೆರಡು ಮಾತು ತಿಳಿದಿರಬಹುದು, ಆದರೆ ಯೋಚಿಸಿ ತಿಳಿಯುವಷ್ಟರಲ್ಲಿ ಚೆಂಡು ದಾಟಿಹೋಗಿರುತ್ತಿತ್ತು. ಅವಳ ದನಿ ಅಷ್ಟು ದಪ್ಪಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನ ಜಾಗದಲ್ಲಿ ಅವಳು ಕೂಗುವುದು ಕೇಳಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಸೋತೆವು. ಮೊದಲರ್ಧದಲ್ಲಿ ಕೊಟ್ಟದ್ದು ವಾಪಸು ಬರಲಿಲ್ಲ, ಆದರೂ ಮರ್ಯಾದೆಯಾಗಿ ಸೋತೆವು. ಮೇಡಂ ನೇರವಾಗಿ ಶಿಡ್ಲಘಟ್ಟದವಳ ಅಬ್ಬಾನ ಹತ್ತಿರ ಹೋದರು. ನಾವೂ ಬೆವರು ಒರೆಸಿಕೊಳ್ಳುತ್ತ ಸುತ್ತ ನಿಂತೆವು.

"ನಿಮ್ಮ ಮಗಳನ್ನ ನಮ್ಮ ತಂಡಕ್ಕೆ ಕಳಿಸ್ತೀರಾ?"

ಅವರು ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು. "ಮನೇಲಿ ಇವಳು ನೀರು ಬೇಕು ಅಂತಾನೂ ಗಟ್ಟಿಯಾಗಿ ಕೇಳಲ್ಲಮ್ಮಾ. ಇಲ್ಲಿ ಇಷ್ಟು ಜನ ಇವಳ ಮಾತಿಗೆ ಓಡ್ತಾ ಇದ್ರು. ನನ್ನ ಯಾಕೆ ಕೇಳ್ತೀರಿ, ಅವಳನ್ನೇ ಕೇಳಿ."

ಅವಳು ಮೇಡಂ ಅವರನ್ನು ನೋಡಲಿಲ್ಲ, ಅಬ್ಬಾನನ್ನೂ ನೋಡಲಿಲ್ಲ. ನಮ್ಮನ್ನು ನೋಡಿದಳು. ಅವಳೊಬ್ಬಳು ಹೋದರೆ ಕುಳ್ಳಿಯರ ತಂಡಕ್ಕೆ ಏನೂ ಉಳಿಯುವುದಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ನೆಲ ನೋಡುತ್ತಿದ್ದರು. ಬೇಡ ಕಣೇ ಅನ್ನುವ ಮಾತು ನನ್ನ ಗಂಟಲ ತನಕ ಬಂದಿತ್ತು.

"ನಮ್ಮ ಮುಖ ಏನ್ ನೋಡ್ತೀಯೇ? ಹೂಂ ಅನ್ನು!" ಅಂತ ಗದರಿದೆ.

ಅವಳು ಹೂಂ ಅಂದಳು. ನಮ್ಮ ತಂಡ ಆಡಿದ ಕೊನೆಯ ಪಂದ್ಯ ಅದು.