ಸೋಯಾ ಪುಡಿ ಮತ್ತು ಒಂದು ಮನೆಯ ಗುಟ್ಟು

2005ರಲ್ಲಿ ನಾನು ಮೈಸೂರಿನ ಒಂದು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದೆ. ಕಲಬೆರಕೆ ಬೇಳೆ, ಬಣ್ಣ ಹಾಕಿದ ಅರಿಶಿನ ಇವುಗಳ ನಡುವೆ ಇಪ್ಪತ್ತು ವರ್ಷ ಸವೆಸಿದ್ದ ನನಗೆ ಹಿಂದಿನ ವರ್ಷವಷ್ಟೇ ಹೊಸ ವಿಭಾಗವನ್ನು ವಹಿಸಿದ್ದರು. ಅದು ಕುಲಾಂತರಿ ಆಹಾರದ ಪರೀಕ್ಷೆ. ಕುಲಾಂತರಿ ಎಂದರೆ ಬೇರೊಂದು ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸಿ ರೂಪಿಸಿದ ಬೆಳೆ. ನಮ್ಮಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತ್ತು, ಊಟಕ್ಕೆಂದು ಬೆಳೆಯುವ ಯಾವ ಕುಲಾಂತರಿ ಬೆಳೆಗೂ ಸಿಕ್ಕಿರಲಿಲ್ಲ. ಯುರೋಪಿನ ಖರೀದಿದಾರರಂತೂ ಪ್ರಮಾಣಪತ್ರವಿಲ್ಲದೆ ಸೋಯಾ ಎಂಬ ಹೆಸರನ್ನೇ ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಪರೀಕ್ಷೆಯ ಯಂತ್ರವನ್ನು ನನ್ನಷ್ಟು ಚೆನ್ನಾಗಿ ಪಳಗಿಸಿದವರು ಊರಲ್ಲಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ.

ಆ ಜೂನ್‌ನಲ್ಲಿ ವಿಜಯನಗರ ಬಡಾವಣೆಯ ಗಿರಿಜಮ್ಮ ಒಂದು ಪೊಟ್ಟಣ ತಂದುಕೊಟ್ಟರು. ಮನೆಯ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರನ್ನು ಇಟ್ಟುಕೊಂಡು ಅವರು ಸೋಯಾ ಸಾರಿನ ಪುಡಿ ಮಾಡುತ್ತಿದ್ದರು. ಬಿಸಿನೀರಿಗೆ ಹಾಕಿ ಕುದಿಸಿದರೆ ಸಾರು ಸಿದ್ಧ. ಮೊದಲ ಸಲ ಯುರೋಪಿನಿಂದ ಬೇಡಿಕೆ ಬಂದಿತ್ತು. ಅರ್ಜಿಯಲ್ಲಿ ಸೋಯಾ, ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಇಂಗು, ಉಪ್ಪು ಎಂದು ದುಂಡಗೆ ಬರೆದಿದ್ದರು.

ನಮ್ಮ ಪರೀಕ್ಷೆ ಹೀಗಿತ್ತು. ಹೊರಗಿನಿಂದ ಸೇರಿಸಿದ ಜೀನ್ ಕೆಲಸ ಮಾಡಬೇಕಾದರೆ ಅದಕ್ಕೊಂದು ಸ್ವಿಚ್ ಬೇಕು. ಹೆಚ್ಚಿನ ಕುಲಾಂತರಿ ಬೆಳೆಗಳಲ್ಲಿ ಆ ಸ್ವಿಚ್ 35ಎಸ್ ಎಂಬ ಡಿಎನ್‌ಎ ತುಣುಕು. ಜೀನ್ ಮುಗಿಯುವಲ್ಲಿ ಪೂರ್ಣವಿರಾಮದ ಹಾಗೆ ಇನ್ನೊಂದು ತುಣುಕಿರುತ್ತದೆ, ಅದರ ಹೆಸರು ನಾಸ್. ಪಿಸಿಆರ್ ಯಂತ್ರ ಈ ತುಣುಕುಗಳನ್ನು ಹುಡುಕಿ, ಕೋಟಿಗಟ್ಟಲೆ ನಕಲು ಮಾಡಿ, ಕಣ್ಣಿಗೆ ಕಾಣುವ ಗೆರೆಯಾಗಿಸುತ್ತದೆ. ಗಿರಿಜಮ್ಮನ ಪುಡಿಯಲ್ಲಿ 35ಎಸ್ ಗೆರೆ ಎದ್ದು ಕಂಡಿತು. ನಾಸ್ ಇರಲಿಲ್ಲ. ಮೂರು ಸಲ ಹೊಸದಾಗಿ ಪುಡಿ ತೂಗಿ ಪರೀಕ್ಷಿಸಿದೆ, ಮೂರು ಸಲವೂ ಅದೇ ಕಥೆ.

ನಿರ್ದೇಶಕರು ಕಾಗದ ನೋಡಿ, "ಪಾಸಿಟಿವ್ ಅಂದ್ಮೇಲೆ ಪಾಸಿಟಿವ್ ಅಲ್ವೇನ್ರೀ? ಬರೆದು ಕಳಿಸಿ" ಎಂದರು.

"ಕೆಳಗೆ ಇರೋದು ನನ್ನ ಸಹಿ ಸಾರ್. ನಾಲ್ಕು ದಿನ ಕೊಡಿ" ಎಂದೆ.

ನನ್ನ ಅನುಮಾನಕ್ಕೆ ಕಾರಣವಿತ್ತು. ಆಗ ನಮಗೆ ಗೊತ್ತಿದ್ದ ಕುಲಾಂತರಿ ಸೋಯಾದಲ್ಲಿ ಎರಡೂ ತುಣುಕುಗಳಿರುತ್ತಿದ್ದವು. ಅಲ್ಲದೆ 35ಎಸ್ ಮನುಷ್ಯ ಸೃಷ್ಟಿಸಿದ್ದಲ್ಲ. ಹೂಕೋಸಿಗೆ ತಗುಲುವ ಒಂದು ವೈರಸ್‌ನಿಂದ ತೆಗೆದುಕೊಂಡದ್ದು. ಕೋಸಿನ ಜಾತಿಯ ತರಕಾರಿಗಳಿಗೆ ಆ ವೈರಸ್ ತಾನಾಗಿಯೇ ತಗುಲುತ್ತದೆ, ನಾವು ಗೊತ್ತಿಲ್ಲದೆ ತಿನ್ನುತ್ತಲೇ ಇರುತ್ತೇವೆ, ನಮಗೇನೂ ಆಗುವುದಿಲ್ಲ. ಆದರೆ ಗಿರಿಜಮ್ಮನ ಪಟ್ಟಿಯಲ್ಲಿ ಕೋಸಿನ ಸುಳಿವೇ ಇರಲಿಲ್ಲ.

ಕರೆಸಿ ಕೇಳಿದೆ. ಅವರ ಕಣ್ಣಲ್ಲಿ ನೀರು ನಿಂತಿತು.

"ನಮ್ಮ ಸೋಯಾ ಅಂಥದ್ದಲ್ಲ ಮೇಡಂ. ಇಲ್ಲ ಅಂತ ಒಂದು ಮಾತು ಬರ್ಕೊಟ್ಬುಡಿ. ಹನ್ನೊಂದು ಮನೆ ಇದನ್ನೇ ನಂಬ್ಕೊಂಡಿದೆ."

"ಇದೆ ಅಂತ ಸುಳ್ಳು ಬರೆಯೋದೂ ತಪ್ಪು, ಇಲ್ಲ ಅಂತ ಸುಳ್ಳು ಬರೆಯೋದೂ ತಪ್ಪು. ಪಟ್ಟೀಲಿ ಇಲ್ಲದ್ದು ಏನಾದ್ರೂ ಬೀಳುತ್ತಾ ಪುಡಿಗೆ?"

"ಇಲ್ಲ" ಎಂದರು, ನೆಲ ನೋಡುತ್ತಾ. ನನಗೆ ಅಷ್ಟು ಸಾಕಾಯಿತು.

ಮರುದಿನ ಅವರ ಮನೆಗೇ ಹೋದೆ. ಶೆಡ್ಡು ಚೊಕ್ಕವಾಗಿತ್ತು. ಪುಡಿಯನ್ನು ಕೊನೆಗೆ ಹದಗೊಳಿಸುವವರು ಗಿರಿಜಮ್ಮನ ಅತ್ತೆ ಪಾರ್ವತಮ್ಮ ಎಂದು ಅಲ್ಲಿ ತಿಳಿಯಿತು. ಹಣೆ ತುಂಬ ವಿಭೂತಿ, ಎಂಬತ್ತರ ಹತ್ತಿರದ ವಯಸ್ಸು. ಹದಿನೈದು ದಿನಕ್ಕೊಮ್ಮೆ ಬಾಗಿಲು ಹಾಕಿಕೊಂಡು ಒಬ್ಬರೇ ಬೆರೆಸುತ್ತಿದ್ದರಂತೆ. ನಮ್ಮ ಕಡೆ ಸಾರಿನ ಪುಡಿ ಎಂದರೆ ಹಾಗೆಯೇ. ಚಿನ್ನ ಎಲ್ಲಿಟ್ಟಿದ್ದೇವೆ ಎಂದು ಬೇಕಾದರೆ ಹೇಳಿಯಾರು, ಪುಡಿಗೆ ಏನು ಹಾಕಿದೆವೆಂದು ಹೇಳುವುದಿಲ್ಲ. ನನ್ನ ತಾಯಿಯೂ ನನಗೆ ಹೇಳದೆಯೇ ಹೋದರು.

"ಎತ್ತ ಮಗ್ಳಿಗೇ ಏಳಿಲ್ಲ ಕಣಮ್ಮ, ನಿಂಗೇಳ್ಲಾ?" ಎಂದರು ಅಜ್ಜಿ.

"ಹೇಳದಿದ್ರೆ ಈ ಹನ್ನೊಂದು ಜನ ನಾಳೆಯಿಂದ ಮನೇಲಿ ಕೂತ್ಕೋಬೇಕಾಗುತ್ತೆ ಅಜ್ಜಿ."

ಅವರು ಶೆಡ್ಡಿನ ಕಡೆ ನೋಡಿದರು. ಆಮೇಲೆ ಸೊಸೆಯನ್ನೂ ಹೊರಗೆ ಕಳಿಸಿ, ಮೂಲೆಯ ಡಬ್ಬಿ ತೆಗೆದು ನನ್ನ ಕೈಗೆ ಒಂದು ಹಿಡಿ ಹಸಿರು ಪುಡಿ ಸುರಿದರು.

"ನವಿಲುಕೋಸಿನ ಸೊಪ್ಪು. ನೆಳ್ಳಲ್ಲಿ ಒಣಗ್ಸಿ ಆಕ್ತೀನಿ. ಸಾರು ಗಟ್ಟಿಯಾಗ್ ಬತ್ತದೆ."

ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಸೊಪ್ಪನ್ನೂ ಸೋಯಾವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಸೋಯಾದಲ್ಲಿ ಏನೂ ಇಲ್ಲ. ಸೊಪ್ಪಿನಲ್ಲಿ 35ಎಸ್ ಜೊತೆಗೆ, ಕುಲಾಂತರಿ ಬೆಳೆಗಳಲ್ಲಿ ಯಾರೂ ಬಳಸದ, ಅದೇ ವೈರಸ್‌ನ ಇನ್ನೊಂದು ಜೀನ್ ಕೂಡ ಸಿಕ್ಕಿತು. ಅಂದರೆ ಬಂದಿರುವುದು ಗಿಡದ ರೋಗ, ಕುಲಾಂತರಿಯಲ್ಲ. ನಾಲ್ಕನೆಯ ದಿನ ವರದಿ ನಿರ್ದೇಶಕರ ಮೇಜಿನ ಮೇಲಿತ್ತು. ಅವರು ಎರಡು ಸಲ ಓದಿ ನನಗೊಂದು ಕಾಫಿ ತರಿಸಿದರು.

ಆದರೆ ಒಂದು ತೊಡಕು ಉಳಿದಿತ್ತು. ಪುಡಿಗೆ ಹಾಕುವುದನ್ನೆಲ್ಲ ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಮತ್ತೆ ಅವರ ಮನೆಗೆ ಹೋಗಿ ಇದನ್ನು ಹೇಳಿದಾಗ ಗಿರಿಜಮ್ಮ ಅತ್ತೆಯ ಮುಖ ನೋಡಿದರು. ಐವತ್ತು ವರ್ಷ ಕಾಪಾಡಿದ ಗುಟ್ಟು ಅದು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ಅಚ್ಚಾಕುಸ್ಬುಡು ಗಿರಿಜಾ. ಗುಟ್ಟು ಇಟ್ಕಂಡು ನಾನೇನ್ ಮಾಡ್ಲಿ, ಇವ್ರೆಲ್ಲ ಉಣ್ಬೇಕಲ್ಲ" ಎಂದರು.

ಖರೀದಿದಾರರು ತಮ್ಮಲ್ಲೂ ಪರೀಕ್ಷೆ ಮಾಡಿಸಿ ನಮ್ಮ ವರದಿಯನ್ನೇ ಒಪ್ಪಿದರು. ಹನ್ನೊಂದು ಜನರಲ್ಲಿ ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ನನ್ನ ಸಹಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಯಂತ್ರ ಏನಿದೆ ಎಂದು ಹೇಳುತ್ತದೆ. ಅದು ಏಕಿದೆ ಎಂದು ತಿಳಿಯಬೇಕಾದರೆ ಮಾಡಿದವರ ಅಡುಗೆಮನೆಗೇ ಹೋಗಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಮಾರನೆಯ ವಾರ ನಮ್ಮ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: "ಯಾರಿಗೂ ಹೇಳದೆ ಹಾಕುವುದು ಏನಾದರೂ ಇದ್ದರೆ ಇಲ್ಲಿ ಬರೆಯಿರಿ." ನಿರ್ದೇಶಕರು ನಕ್ಕರು. ನಾನು ನಿವೃತ್ತಳಾಗುವವರೆಗೂ ಆ ಖಾಲಿ ಜಾಗವನ್ನು ಬಹಳ ಜನ ತುಂಬಿದರು.