ಹೆಸರಿಲ್ಲದ ಗಾಡಿಯ ಹಿಂದಿನ ಸೀಟು

ನನ್ನ ಮಗನಿಗೆ ಒಂದು ದಿನದ ಮಟ್ಟಿಗೆ ನಾನು ತಾಯಿಯಾಗಿರಬಾರದಿತ್ತು. ಹಾಗೆಂದು ಅವನೇ ಕೇಳಿಕೊಂಡ.

ಹೊರದೇಶದ ಒಂದು ಕಾರಿನ ಕಂಪನಿ ಆಗ ನಮ್ಮ ದೇಶಕ್ಕೆ ಬರುವುದರಲ್ಲಿತ್ತು. ಹೊಸ ಗಾಡಿ ಬಿಡುವ ಮೊದಲು ಇಲ್ಲಿಯ ಜನ ಅದರಲ್ಲಿ ಹೇಗೆ ಕೂರುತ್ತಾರೆ, ಹೇಗೆ ಇಳಿಯುತ್ತಾರೆ, ಯಾವುದಕ್ಕೆ ಬಯ್ಯುತ್ತಾರೆ ಎಂದು ನೋಡಿಕೊಳ್ಳುವುದು ಅವರ ಕ್ರಮವಂತೆ. ಅದಕ್ಕೆ ನವಿ ಮುಂಬಯಿಯಲ್ಲಿ ದೊಡ್ಡ ಹಾಲ್ ಹಿಡಿದು, ಗಾಡಿ ತಂದು ನಿಲ್ಲಿಸಿ, ಮನೆಮನೆಯಿಂದ ಜನರನ್ನು ಕರೆಸುತ್ತಿದ್ದರು. ಜನ ಹುಡುಕಿ ತರುವ ಆಫೀಸಿನಲ್ಲಿ ಮಗ ಹಂಗಾಮಿಯಾಗಿದ್ದ. ದಿವಾ, ಡೊಂಬಿವಲಿ, ಕಲ್ಯಾಣದ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿ ಇಳಿಯುವುದೇ ಅವನ ಉದ್ಯೋಗ. ಕಂಪನಿ ಮುಂದೆ ಇನ್ನೂ ಬೇರೆ ದೇಶಗಳಿಗೆ ಹೋಗುತ್ತದೆ, ಈ ಹುಡುಗರಲ್ಲಿ ಒಬ್ಬನನ್ನು ಪರ್ಮನೆಂಟ್ ಮಾಡಿ ಜೊತೆಗೆ ಕರೆದೊಯ್ಯುತ್ತಾರೆ ಎಂದು ಸುದ್ದಿಯಿತ್ತು. ಮಗ ಅದರ ಮೇಲೆ ಕಣ್ಣಿಟ್ಟು ಕೂತಿದ್ದ. ಹೆಂಡತಿ ಉಂಟು, ಒಬ್ಬ ಮಗಳು ಉಂಟು, ತಲೆ ಕೂದಲು ಉದುರಲು ಶುರುವಾಗಿತ್ತು. ಇದು ತಪ್ಪಿದರೆ ಅವನನ್ನು ಬೇರೆ ಯಾರೂ ಕರೆಯುವವರಿರಲಿಲ್ಲ.

ಒಂದು ಬೆಳಿಗ್ಗೆ ಆ ಹಾಲ್‌ನಿಂದಲೇ ಫೋನ್ ಮಾಡಿದ. ಸೀರೆ ಉಟ್ಟ ಮುದುಕಿಯೊಬ್ಬಳು ಹಿಂದಿನ ಸೀಟಿಗೆ ಹತ್ತುವುದನ್ನು ಪರದೇಶದ ಸಾಹೇಬ ಕಣ್ಣಾರೆ ನೋಡಬೇಕಂತೆ. ಗೊತ್ತುಮಾಡಿಟ್ಟಿದ್ದ ಕಲ್ಯಾಣದ ಹೆಂಗಸು ಸೂತಕ ಬಂತೆಂದು ಕೈಕೊಟ್ಟಿದ್ದಳು.

"ನೀನು ಬಾ ಅಮ್ಮ. ಆದ್ರೆ ನಾನು ನಿನ್ನ ಮಗ ಅಂತ ಯಾರಿಗೂ ಗೊತ್ತಾಗ್ಬಾರ್ದು. ಮನೆಯವರನ್ನು ತಂದ್ರೆ ತೆಗೆದು ಹಾಕ್ತಾರೆ. ಮೊನ್ನೆ ಒಬ್ಬ ಹುಡುಗ ತನ್ನ ಚಿಕ್ಕಮ್ಮನನ್ನು ತಂದ, ಅವನನ್ನು ಮಧ್ಯಾಹ್ನದ ಊಟಕ್ಕೂ ಇಟ್ಕೊಳ್ಲಿಲ್ಲ."

"ಮತ್ತೆ ನಿನ್ನನ್ನು ಎಂತ ಕರೀಬೇಕು ನಾನು?"

"ಎಂತದೂ ಕರೀಬೇಡ. ಬಾಯಿ ಮುಚ್ಚಿ ಕೂತ್ಕೋ. ಕೇಳಿದ್ದಕ್ಕೆ ಮಾತ್ರ ಹೇಳು. ಅಷ್ಟು ಆಗ್ತದಾ ನಿಂಗೆ?"

"ಬಾಯಿ ಮುಚ್ಚಿ ಕೂರುದು ನಿನ್ನ ಮನೆಯಲ್ಲೇ ಅಭ್ಯಾಸ ಆಗಿದೆ" ಅಂದೆ. ಸೊಸೆ ಒಳಗಿನಿಂದ ಪಾತ್ರೆ ಕುಕ್ಕಿದಳು.

ಠಾಣೆಯಲ್ಲಿ ಲೋಕಲ್ ಬದಲಿಸಿ ಹೋದೆ. ಬಾಗಿಲಲ್ಲಿ ಮಗ ನನ್ನ ಹೆಸರು ಕೇಳಿದ. ಊರು ಕೇಳಿದ. ಕಾರಿನಲ್ಲಿ ಹೋಗುವುದುಂಟಾ ಎಂದು ಕೇಳಿದ. ಮುಖದ ಒಂದು ಗೆರೆ ಅಲುಗಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಹೌದೋ ಎಂದು ನನಗೇ ಅನುಮಾನ ಬರುವಷ್ಟು ಚೆನ್ನಾಗಿ ಮಾಡಿದ.

ಕಾರಿನ ಹೆಸರಿರುವಲ್ಲೆಲ್ಲ ಕಪ್ಪು ಪಟ್ಟಿ ಅಂಟಿಸಿದ್ದರು. ಹೆಣಕ್ಕೆ ಬಾಯಿ ಕಟ್ಟಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಸಾಹೇಬ, ಕೈಯಲ್ಲಿ ಪೆನ್ನು. ಅವನ ಬದಿಯಲ್ಲಿ ಆಫೀಸಿನಲ್ಲಿ ಮಗನ ಮೇಲಿನವಳು, ಠಾಣೆಯ ಕಡೆಯ ಮರಾಠಿ ಹುಡುಗಿ. ಚಾಕುವಿನಂಥ ಕಣ್ಣು. ಸಾಹೇಬ ಏನೋ ಅಂದ. ಅವಳು ಮಗನಿಗೆ ಹೇಳಿದಳು, "ತು ತಿಚಾ ಮುಲ್ಗಾ ಬನ್." ನೀನೇ ಅವಳ ಮಗನಾಗು, ಮನೆಯಲ್ಲಿ ಹತ್ತಿಸುವ ಹಾಗೆ ಹತ್ತಿಸಿ ತೋರಿಸು ಎಂದು.

ಮಗ ಬಾಗಿಲು ತೆರೆದ. ತಲೆ ತಾಗದ ಹಾಗೆ ಮೇಲೆ ಕೈಯಿಟ್ಟ. ಅಷ್ಟು ನಾಜೂಕು ನಾನು ಅವನ ಮದುವೆಯ ದಿನವೂ ಕಂಡದ್ದಿಲ್ಲ. ನಾನು ಗಾಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಹತ್ತಿದೆ. ಹೊಸ ಗಾಡಿಗೆ ಚಪ್ಪಲಿಗಾಲು ಇಡುವ ಕ್ರಮ ನಮ್ಮಲ್ಲಿಲ್ಲ. ಕೂತು ಸೆರಗು ಎಳೆದುಕೊಳ್ಳುವಾಗ ಮಗ ಬಗ್ಗಿದ, ನನ್ನ ಎರಡೂ ಚಪ್ಪಲಿ ಎತ್ತಿದ, ಒಂದಕ್ಕೊಂದು ಬಡಿದು ಧೂಳು ಕೊಡವಿ ಕಂಕುಳಲ್ಲಿ ಇಟ್ಟುಕೊಂಡ.

ಚಿಕ್ಕಂದಿನಲ್ಲಿ ಟಿಟ್ವಾಳಾದ ಗಣಪತಿ ದೇವಸ್ಥಾನಕ್ಕೆ ಹೋದಾಗೆಲ್ಲ ಚಪ್ಪಲಿ ಕಾಯುವುದು ಅವನ ಕೆಲಸ. ಒಮ್ಮೆ ನನ್ನ ಹೊಸ ಜೋಡು ಕಳೆದುಹಾಕಿದ್ದಕ್ಕೆ ಅಲ್ಲೇ, ಜನರೆದುರು, ಬಾಸುಂಡೆ ಬರುವ ಹಾಗೆ ಹೊಡೆದಿದ್ದೆ. ಆ ಪೆಟ್ಟು ಅವನ ಕೈಗೆ ನೆನಪಿತ್ತು, ತಲೆಗೆ ಮರೆತಿತ್ತು.

ಆ ಹುಡುಗಿ ಚಪ್ಪಲಿ ನೋಡಿದಳು. ಅವನ ಮೂಗು ನೋಡಿದಳು, ನನ್ನ ಮೂಗು ನೋಡಿದಳು. ಈ ಊರಿನಲ್ಲಿ ಯಾವನು ದಾರಿಯ ಮುದುಕಿಯ ಚಪ್ಪಲಿ ಎತ್ತುತ್ತಾನೆ?

"ಆಜಿ, ಖರಂ ಸಾಂಗಾ. ಹಾ ತುಮ್ಚಾ ಮುಲ್ಗಾ ಆಹೇ ಕಾ?" ಅಜ್ಜಿ, ನಿಜ ಹೇಳಿ, ಇವನು ನಿಮ್ಮ ಮಗನಾ?

ಬರೀ "ಅಲ್ಲ" ಅಂದರೆ ಅವಳು ನಂಬುವವಳಲ್ಲ. ನಾನು ನಕ್ಕೆ. ಸೊಪ್ಪಿನ ಮಾರ್ಕೆಟಿನ ನನ್ನ ಹಿಂದಿಯಲ್ಲಿ ಹೇಳಿದೆ, "ನನ್ನ ಮಗನಾ? ಅವನು ನನ್ನ ಚಪ್ಪಲಿ ಮುಟ್ಟಿಯಾನೇ? ಇದು ಯಾರೋ ಒಳ್ಳೆಯ ಮನೆಯ ಹುಡುಗ."

ಅಷ್ಟರಲ್ಲಿ ಸಾಹೇಬ ಪೆನ್ನು ಎತ್ತಿದ. ಹುಡುಗಿ ಮಗನಿಗೆ, "ಸರ್‌ಗೆ ಇಂಗ್ಲಿಷಿನಲ್ಲಿ ಹೇಳ್ತಾ ಹೋಗು" ಎಂದಳು. ಅವಳ ಕಣ್ಣು ಇನ್ನೂ ಅವನ ಮೇಲಿನಿಂದ ಕದಲಿರಲಿಲ್ಲ.

ನಾನು ನಿಲ್ಲಿಸಲಿಲ್ಲ. "ಅವನಪ್ಪ ಆಸ್ಪತ್ರೆಯಲ್ಲಿ ನೀರು ನೀರು ಅಂತಿದ್ದರು. ಮಗ ಹೆಂಡತಿಯ ತಮ್ಮನ ನಿಶ್ಚಿತಾರ್ಥದಲ್ಲಿ ಜಿಲೇಬಿ ಬಡಿಸ್ತಿದ್ದ. ಫೋನ್ ಮಾಡಿದ್ರೆ ಊಟ ಮುಗಿಸಿ ಬರ್ತೇನೆ ಅಂದ. ಬರುವಾಗ ಹೆಣ ಕಟ್ಟಿ ಆಗಿತ್ತು. ಅಂಥವನು ನನಗೆ ಕಾರಿನ ಬಾಗಿಲು ತೆಗೀತಾನಾ?"

ಒಂದೊಂದು ಮಾತನ್ನೂ ಮಗ ಇಂಗ್ಲಿಷಿಗೆ ಮಾಡಿದ. ಜಿಲೇಬಿ ಅನ್ನುವಲ್ಲಿ ತಡೆದ. ಅದೇನೆಂದು ಸಾಹೇಬ ಕೇಳಿದ. ಮಗ ಕೈಯಲ್ಲಿ ಸುತ್ತು ಸುತ್ತಿ ತೋರಿಸಿದ. ಸಾಹೇಬ ಎಲ್ಲ ಬರೆದುಕೊಂಡು, ಪಾಪ ಅನ್ನುವ ಮುಖ ಮಾಡಿ, ಮಗನ ಭುಜ ತಟ್ಟಿದ. ಹುಡುಗಿ ಅವನ ಮೇಲಿನಿಂದ ಕಣ್ಣು ತೆಗೆದಳು. "ಕಸ್ಲಾ ನಾಲಾಯಕ್ ಮುಲ್ಗಾ" ಎಂದು ನನ್ನ ಮಗನೆದುರೇ ನನ್ನ ಮಗನನ್ನು ಬೈದಳು. ಹೌದು ಮೇಡಂ, ಅಂದ ಅವನು.

ಸಂಜೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದ. ದೂರ ನಿಂತಿದ್ದ. ಜನ ಕಡಿಮೆಯಾದ ಮೇಲೆ ಹತ್ತಿರ ಬಂದ.

"ಅಪ್ಪನ ವಿಷಯ ಎಂತಕ್ಕೆ ತೆಗ್ದದ್ದು?"

"ಅವಳು ನಂಬಬೇಕಿತ್ತು."

"ಬೇರೆ ಏನಾದ್ರೂ ಕಟ್ಟಿ ಹೇಳ್ಬಹುದಿತ್ತಲ್ಲ."

"ಅಷ್ಟು ಕಲಿತವಳಲ್ಲ ಮಾರಾಯ ನಾನು. ಕೈಗೆ ಸಿಕ್ಕಿದ್ದು ಹೇಳಿದೆ."

ಡೊಂಬಿವಲಿ ಲೋಕಲ್ ಬಂತು. ನಾನು ಹೆಂಗಸರ ಡಬ್ಬಿ ಹತ್ತಿದೆ. ಅವನು ಆ ಗಾಡಿ ಹತ್ತಲಿಲ್ಲ.

ಕೆಲಸ ಅವನಿಗೇ ಆಯಿತು. ಕಂಪನಿ ಹೋದಲ್ಲೆಲ್ಲ ಹೋದ, ಮೊದಲು ಜಕಾರ್ತ, ಆಮೇಲೆ ಆಫ್ರಿಕಾದ ಯಾವುದೋ ಊರು. ಅಲ್ಲಿಯ ಮುದುಕಿಯರನ್ನು ಹಿಂದಿನ ಸೀಟಿಗೆ ಹತ್ತಿಸುವುದೇ ಈಗ ಅವನ ಕೆಲಸ. ಪಕ್ಕದ ಮನೆಯವಳು "ಮಗ ನಿಮಗೆ ಹೆಸರು ತಂದ ಅಕ್ಕ" ಎಂದು ಪೇಡೆ ತಿಂದು ಹೋದಳು. ಆ ಗಾಡಿ ಹೆಸರು ಹಾಕಿಕೊಂಡು ಇಲ್ಲಿಯ ರಸ್ತೆಯಲ್ಲಿಯೂ ಓಡಿತು.

ಭಾನುವಾರ ಫೋನ್ ಬರುತ್ತದೆ. ಹೆಂಡತಿಯ ಹತ್ತಿರ, ಮಗಳ ಹತ್ತಿರ ಮಾತಾಡುತ್ತಾನೆ. ಸೊಸೆ ಒತ್ತಾಯದಿಂದ ನನ್ನ ಕಿವಿಗಿಟ್ಟರೆ "ಊಟ ಆಯ್ತಾ" ಅನ್ನುತ್ತಾನೆ. ಆಯ್ತು ಅನ್ನುತ್ತೇನೆ. ಅವಳು ಕೇಳಿದ್ದಾಳೆ, ಅತ್ತೆ, ಅವತ್ತು ಅಷ್ಟು ಹೇಳ್ಬೇಕಿತ್ತಾ ಎಂದು. ಹೇಳಬೇಕಿತ್ತು. ಹೇಳದಿದ್ದರೆ ಅವನು ಇವತ್ತೂ ದಿವಾದ ಮೆಟ್ಟಿಲು ಹತ್ತುತ್ತಿದ್ದ.

ಸಿಟ್ಟು ಅವನಿಗೆ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅವನು, ಅಮ್ಮ, ನೀನು ಹೇಳಿದ್ದು ಸುಳ್ಳು ಅನ್ನಲಿಲ್ಲ.