ರಾತ್ರಿ ಜೊತೆಗೆ ಯಾರಿರುತ್ತಾರೆ?

ಲಿಂಡ್ಸೆ ಟ್ರೆಂಬಾತ್ ಮರುಭೂಮಿಯ ಕೂಬರ್ ಪೀಡಿ ಊರಿನಲ್ಲಿ ಓಪಲ್ ರತ್ನದ ಕಲ್ಲು ಅಗೆಯುವವನು. ನೆಲದಡಿ ಕೊರೆದ ಮನೆಯಲ್ಲಿ ತಾನಾಯಿತು, ತನ್ನ ಪಾಡಾಯಿತು ಎಂದು ಇದ್ದವನು. ಮೂರು ವರ್ಷದ ಕೆಳಗೆ ಅವನ ಮಿದುಳಿನ ರಕ್ತನಾಳ ಒಂದು ಕಡೆ ಗುಳ್ಳೆಯಂತೆ ಉಬ್ಬಿತ್ತು. ಅಡಿಲೇಡ್‌ನ ನಾನು ನರ್ಸಾಗಿರುವ ಆಸ್ಪತ್ರೆಯಲ್ಲಿ ಅದಕ್ಕೆ ಪ್ಲಾಟಿನಂ ಸುರುಳಿ ತುಂಬಿದರು. ಆಮೇಲೆ ವರ್ಷಕ್ಕೊಂದು ಎಂ.ಆರ್.ಐ. ಒಂದಿಡೀ ಹಗಲು ಗಾಡಿ ಓಡಿಸಿಕೊಂಡು ಬರುವುದು, ಅರ್ಧ ಗಂಟೆ ಯಂತ್ರದೊಳಗೆ ಮಲಗುವುದು, ಹೋಗುವುದು. ಅದಕ್ಕೆ ಯಾರೂ ಜೊತೆಗೆ ಬೇಕಿಲ್ಲ.

ಈ ಸಲ ಸುರುಳಿಯ ಬುಡದಲ್ಲಿ ಏನೋ ಬೆಳ್ಳಗೆ ಕಂಡಿತು. ಮತ್ತೆ ರಕ್ತ ನುಗ್ಗುತ್ತಿದೆಯೇ? ಖಚಿತವಾಗಬೇಕಾದರೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯಬೇಕು. ಸಂಜೆಗೇ ಆಸ್ಪತ್ರೆಯಿಂದ ಕಳಿಸಿಬಿಡುತ್ತಾರೆ; ಆ ರಾತ್ರಿ ರೋಗಿಯ ಜೊತೆ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ಫಾರಂನ ಆ ಜಾಗದಲ್ಲಿ ಲಿಂಡ್ಸೆ 'ಬಾಸ್' ಎಂದು ಬರೆದಿದ್ದ. ನಮ್ಮಲ್ಲಿ ಅರ್ಧ ಗಂಡಸರು ಹೆಂಡತಿಯನ್ನು ಕರೆಯುವುದೇ ಹಾಗೆ. ಹೆಂಡತಿ ಇರಬೇಕು ಎಂದುಕೊಂಡೆ.

"ಬಾಸ್ ಎಲ್ಲಿ? ಒಳಗೆ ಕರೀರಿ," ಎಂದೆ.

"ಗಾಡೀಲಿದಾಳೆ ಸಿಸ್ಟರ್. ನಿಮ್ಮ ಸೆಕ್ಯುರಿಟಿಯವ್ನು ಬಿಡಲ್ಲ."

"ಯಾಕಂತೆ ಬಿಡಲ್ಲ?"

"ನಾಯಿ ಅಲ್ವಾ."

ನನಗೆ ಕೋಪ ನೆತ್ತಿಗೇರಿತು. "ತಮಾಷೆ ಮಾಡ್ತಿದೀರಾ ಲಿಂಡ್ಸೆ? ಅಲ್ಲಿ ಡಾಕ್ಟ್ರು ರೆಡಿಯಾಗಿ ನಿಂತಿದಾರೆ!"

"ಜೊತೆಗೆ ಯಾರಿರ್ತಾರೆ ಅಂತ ಕೇಳಿದ್ರಿ. ಇರೋಳು ಅವಳೊಬ್ಳೇ. ಸುಳ್ಳು ಬರೀಲಾ?"

ವಾರ್ಡಿನಲ್ಲಿ ಒಂದು ರಾತ್ರಿಯ ಮಟ್ಟಿಗೆ ಮಂಚ ಕೊಡಿಸಲು ಮೂರು ಜನರೊಡನೆ ಜಗಳವಾಡಿದೆ. ಪರೀಕ್ಷೆ ನಡೆಯಿತು. ನಾಯಿಯನ್ನು ನಾನೇ ಮನೆಗೆ ಕರೆದೊಯ್ದೆ. ನನ್ನ ಮನೆಯಲ್ಲಾದರೂ ಬೇಡ ಅನ್ನುವವರು ಯಾರಿದ್ದಾರೆ? ಅದು ನನ್ನ ಪಾಲಿನ ಕುರಿಮಾಂಸವನ್ನೂ ತಿಂದು, ನನ್ನ ಕಾಲ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯಿತು. ಹನ್ನೊಂದು ವರ್ಷದ ಮೇಲೆ ಆ ಮನೆಯಲ್ಲಿ ಇನ್ನೊಂದು ಜೀವದ ಉಸಿರು ಕೇಳಿಸಿತು.

ಬೆಳಿಗ್ಗೆ ಡಾಕ್ಟರು ಬಂದು, ರಕ್ತ ನುಗ್ಗುತ್ತಿಲ್ಲ, ಇನ್ನು ಎರಡು ವರ್ಷ ಬರಬೇಕಿಲ್ಲ ಎಂದರು. ಲಿಂಡ್ಸೆ ಸುಮ್ಮನೆ ತಲೆಯಾಡಿಸಿದ. ಅವರು ಹೋದಮೇಲೆ ನನ್ನನ್ನು ಹತ್ತಿರ ಕರೆದ.

"ಬಾಸ್ ರಾತ್ರಿ ಅತ್ತಳಾ, ಸಿಸ್ಟರ್?"

ನಾನು ಸುಳ್ಳು ಹೇಳುವವಳಲ್ಲ.

"ಬೆಳಗಾಗೋ ತನಕ," ಎಂದೆ. "ಒಂದು ತುತ್ತೂ ಮುಟ್ಲಿಲ್ಲ."

ಡಾಕ್ಟರ ಮಾತಿಗೆ ಅರಳದ ಮುಖ ಆಗ ಅರಳಿತು.

"ಪಾಪ, ಮುಂಡೇದು," ಎಂದ.